ಆರ್ಕೆಸ್ಟ್ರಾಗೆ ಒಂದೇ ಗಿಟಾರ್ ಸಾಕಾ? ಎಚ್‌ಎಸ್‌ಎಸ್ ಮಾರಿ ಲೆಸ್ ಪಾಲ್ ತಗೊಳ್ಳಲಾ?

ತಿಪಟೂರು_ತಂತಿ

ಎಲ್ಲರಿಗೂ ನಮಸ್ಕಾರ. ಹಗಲು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ, ರಾತ್ರಿ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ಗಣೇಶನ ಹಬ್ಬಕ್ಕೆ ಶುರುವಾದರೆ ನವೆಂಬರ್ ಕೊನೆಯವರೆಗೂ ನಮಗೆ ಸುಗ್ಗಿ. ಕ್ಯಾಲೆಂಡರ್‌ನಲ್ಲಿ ರಾಜ್ಯೋತ್ಸವ ಒಂದೇ ದಿನ. ನಮ್ಮ ಡೈರಿಯಲ್ಲಿ 30 ದಿನ.

6 ವರ್ಷದಿಂದ ಒಂದೇ ಗಿಟಾರ್. ಫೆಂಡರ್ ಸ್ಟ್ರಾಟೋಕ್ಯಾಸ್ಟರ್ (ಸ್ಟ್ರಾಟ್) ಮಾದರಿ, ಎಚ್‌ಎಸ್‌ಎಸ್. ಗೊತ್ತಿಲ್ಲದವರಿಗೆ ಹೇಳುವುದಾದರೆ, ತಂತಿಯ ಸದ್ದು ಹಿಡಿಯುವ ಪಿಕಪ್ ಮೂರು: ತಂತಿಗಳು ಕೂರುವ ಬ್ರಿಡ್ಜ್ ಹತ್ತಿರ ಒಂದು ಹಂಬಕರ್ (ಎರಡು ಕಾಯಿಲ್‌ನದು), ಮಧ್ಯದಲ್ಲಿ ಮತ್ತು ನೆಕ್ (ಕುತ್ತಿಗೆ) ಹತ್ತಿರ ಒಂದೊಂದು ಸಿಂಗಲ್ ಕಾಯಿಲ್. ಟೋನ್ ನಾಬ್ ಮೇಲಕ್ಕೆ ಎಳೆದರೆ ಹಂಬಕರ್ ಕೂಡ ಸಿಂಗಲ್ ಆಗುತ್ತದೆ. ಎಲ್ಲಾ ಥರದ ಹಾಡಿಗೂ ಆಗುತ್ತದೆ ಅಂತಲೇ ತಗೊಂಡಿದ್ದು. ನಮಗೆ ಬೇಕಾಗಿರುವುದೂ ಅದೇ. ಒಂದು ಹಾಡಿಗೆ ಮೆತ್ತಗೆ ತಂತಿ ಮೀಟಬೇಕು, ಮುಂದಿನದು ಹೀರೋ ಎಂಟ್ರಿ, ಅದರ ಹಿಂದೆಯೇ ಭಾವಗೀತೆ. ನಡುವೆ ಗಿಟಾರ್ ಬದಲಿಸೋಕೆ ನಿರೂಪಕರು ಒಂದು ಜೋಕ್ ಹೇಳುವಷ್ಟೂ ಟೈಮ್ ಕೊಡುವುದಿಲ್ಲ.

ಹೋದ ವಾರ ಒಂದು ಪೆಂಡಾಲ್‌ನಲ್ಲಿ ಮಾನ ಹೋಯಿತು. ಗುಂಪಿನ ಹಾಡಿನ ಮಧ್ಯೆ ನಾಬ್ ಎಳೆದೆ. ಸೌಂಡ್ ಅರ್ಧಕ್ಕೆ ಇಳಿದು, ಅದರ ಜಾಗದಲ್ಲಿ ಗುಂಯ್ ಅನ್ನುವ ಸದ್ದು ಬಂತು. ಸರಿ, ಹಂಬಕರ್‌ನಲ್ಲೇ ಇದ್ದು ವಾಲ್ಯೂಮ್ ಕಮ್ಮಿ ಮಾಡೋಣ ಅಂದರೆ ನೆಗಡಿ ಬಂದವನ ಗಂಟಲಿನ ಥರ ಮಬ್ಬು. ಕೊನೆಗೆ ಸಣ್ಣ ತಂತಿ ಕಿತ್ತು ಹೋಯಿತು. ಅದೊಂದೇ ಹೋಗಿದ್ದರೆ ಪರವಾಗಿಲ್ಲ, ಉಳಿದ ಐದೂ ಶ್ರುತಿ ಬಿಟ್ಟವು. ಕೀಬೋರ್ಡ್ ನುಡಿಸುವವನು ಸ್ಟೇಜ್ ಮೇಲೇ ನನ್ನ ಮುಖ ನೋಡಿದ.

"ಲೆಸ್ ಪಾಲ್ ತಗೋ ಗುರು, ಎಲ್ಲಾ ಸರಿಹೋಗುತ್ತೆ" ಅಂತಾನೆ ಅವನು. ಗಿಬ್ಸನ್ ಕಂಪನಿಯ ಗಿಟಾರ್ ಅದು, ಎರಡೂ ಹಂಬಕರ್. ಇದನ್ನು ಮಾರಿ, ಮೇಲೆ 40 ಸಾವಿರ ಹಾಕಬಲ್ಲೆ. ಏನು ಮಾಡಲಿ?

ಟೆಲಿ_ಒಂದೇ_ಸಾಕು

ಎರಡನ್ನೂ ಬಿಡಿ. ಟೆಲಿಕ್ಯಾಸ್ಟರ್ ತಗೊಳ್ಳಿ. ಎರಡು ಪಿಕಪ್, ಮೂರು ಕಡೆ ಹೋಗುವ ಸ್ವಿಚ್, ಬ್ರಿಡ್ಜ್ ಅಲ್ಲಾಡುವುದಿಲ್ಲ. 50ರ ದಶಕದ ಶುರುವಿನಿಂದ ಹಾಗೇ ಇದೆ, ಯಾರೂ ಏನೂ ಸೇರಿಸಬೇಕಾಗಿ ಬಂದಿಲ್ಲ.

ಎಸ್‌ಪಿ_ರೋಡ್_ಸಾಲ್ಡರ್

ಟೆಲಿ ಸ್ವಾಮಿಗಳೇ, ನಿಮ್ಮ ಹೆಸರು ನೋಡಿದರೇನೇ ಉತ್ತರ ಗೊತ್ತಾಗುತ್ತೆ. ಟೆಲಿಗೂ ಹಂಬಕರ್ ಕೂರಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ, ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಕೀತ್ ರಿಚರ್ಡ್ಸ್ ಅವರಲ್ಲಿ ಒಬ್ಬರು.

ತಿಪಟೂರು ಅವರೇ, ಮಾರಬೇಡಿ. ನಾಲ್ಕು ಪ್ರಶ್ನೆ ಇದೆ:

ಕೇಬಲ್ ಎಷ್ಟು ಉದ್ದ? ಪಿಕಪ್ ಆರಿಸುವ ಸ್ವಿಚ್ ಯಾವ ಜಾಗದಲ್ಲಿ ಇಟ್ಟು ನುಡಿಸುತ್ತೀರಿ? ಹಿಂದಿನ ಮುಚ್ಚಳ ಬಿಚ್ಚಿದರೆ ಬ್ರಿಡ್ಜ್ ಎಳೆದು ಹಿಡಿಯುವ ಸ್ಪ್ರಿಂಗ್ ಎಷ್ಟಿವೆ? ಪಿಕಪ್‌ಗಳ ಎತ್ತರ ಯಾವತ್ತಾದರೂ ಮುಟ್ಟಿದ್ದೀರಾ?

ತಿಪಟೂರು_ತಂತಿ

ಕೇಬಲ್ 10 ಮೀಟರ್. ಸ್ವಿಚ್ ಎರಡು ತುದಿಯಲ್ಲಿ ಮಾತ್ರ, ಒಂದೋ ಪೂರ್ತಿ ಹಿಂದೆ, ಇಲ್ಲ ಪೂರ್ತಿ ಮುಂದೆ. ಸ್ಪ್ರಿಂಗ್ ಮೂರು. ಪಿಕಪ್ ಎತ್ತರ ಬದಲಿಸಬಹುದು ಅನ್ನೋದೇ ಗೊತ್ತಿರಲಿಲ್ಲ ಸಾರ್.

ಎಸ್‌ಪಿ_ರೋಡ್_ಸಾಲ್ಡರ್

ಅಲ್ಲಿಗೆ ಐದು ಜಾಗದ ಸ್ವಿಚ್‌ನಲ್ಲಿ ಮೂರನ್ನು ನೀವು 6 ವರ್ಷದಿಂದ ಮುಟ್ಟೇ ಇಲ್ಲ. ಬೈಯುತ್ತಿಲ್ಲ. ಗ್ಯಾರೇಜಿಗೆ ಬರುವ ಹತ್ತು ಜನರಲ್ಲಿ ಎಂಟು ಜನ ಹೀಗೇ.

ಸ್ವಲ್ಪ ಉದ್ದ ಬರೆಯುತ್ತೇನೆ, ಟೀ ಇಟ್ಟುಕೊಂಡು ಓದಿ.

ಮೊದಲು ಆ ಗುಂಯ್. ಸಿಂಗಲ್ ಕಾಯಿಲ್ ಅಂದರೆ ಆಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ತಂತಿ. ಅದಕ್ಕೆ ಗಿಟಾರ್ ತಂತಿಯೂ ಒಂದೇ, ಪೆಂಡಾಲ್‌ನ ಸೀರಿಯಲ್ ಸೆಟ್ಟೂ ಒಂದೇ. ನಮ್ಮ ಕರೆಂಟು 50 ಹರ್ಟ್ಸ್‌ನದು, ಅದೂ ಅದರ ದುಪ್ಪಟ್ಟುಗಳೂ ಒಳಗೆ ನುಗ್ಗುತ್ತವೆ. ಗಿಬ್ಸನ್ ಕಂಪನಿಯಲ್ಲಿದ್ದ ಸೇತ್ ಲವರ್ 1955ರಲ್ಲಿ ಇದಕ್ಕೆ ಮದ್ದು ಮಾಡಿದರು. ಎರಡು ಕಾಯಿಲ್ ಪಕ್ಕಪಕ್ಕ ಇಟ್ಟು, ಸುತ್ತೂ ಉಲ್ಟಾ, ಆಯಸ್ಕಾಂತವೂ ಉಲ್ಟಾ. ತಂತಿಯ ಸದ್ದು ಎರಡರಲ್ಲೂ ಕೂಡುತ್ತದೆ, ಹೊರಗಿನ ಗುಂಯ್ ಮಾತ್ರ ಒಂದಕ್ಕೊಂದು ಹೊಡೆದುಕೊಂಡು ಸಾಯುತ್ತದೆ. ಹಮ್ ಅನ್ನು ಬಕ್ ಮಾಡುವುದಕ್ಕೇ ಹಂಬಕರ್.

ನೀವು ನಾಬ್ ಎಳೆದಾಗ ಆಗುವುದೇನು? ಒಂದು ಕಾಯಿಲ್ ಬಾಯಿ ಮುಚ್ಚುತ್ತದೆ. ಸದ್ದು ಇಳಿಯುತ್ತದೆ, ಗುಂಯ್ ವಾಪಸ್. ನಿಮ್ಮ ಗಿಟಾರ್ ಕೆಟ್ಟಿಲ್ಲ ಸ್ವಾಮಿ. ಅದು ಹೇಗೆ ಕೆಲಸ ಮಾಡಬೇಕೋ ಹಾಗೇ ಮಾಡಿದೆ.

ಇದಕ್ಕೊಂದು ದಾರಿ ಇದೆ. ಮುಚ್ಚುವ ಕಾಯಿಲನ್ನು ಪೂರ್ತಿ ನೆಲಕ್ಕೆ ಜೋಡಿಸದೆ, ನಡುವೆ ಒಂದೆರಡು ಕಿಲೋ ಓಮ್ ರೆಸಿಸ್ಟರ್ ಹಾಕಿ. ಆಗ ಆ ಕಾಯಿಲ್ ಪೂರ್ತಿ ಸಾಯುವುದಿಲ್ಲ, ಅಲ್ಪಸ್ವಲ್ಪ ಗುನುಗುತ್ತಿರುತ್ತದೆ. ಗಿಟಾರ್ ಮಾಡುವ ಪಿಆರ್‌ಎಸ್ ಕಂಪನಿ ತನ್ನ ಕೆಲವು ಮಾದರಿಗಳಲ್ಲಿ ಮಾಡುವುದೂ ಇದನ್ನೇ. ಅಸಲಿ ಸಿಂಗಲ್ ಥರ ಚುರುಕು ಇರಲ್ಲ, ಆದರೆ ಸೌಂಡ್ ಕುಸಿಯಲ್ಲ.

ಇನ್ನು ಸ್ವಿಚ್‌ನ ಎರಡನೇ ಮತ್ತು ನಾಲ್ಕನೇ ಜಾಗ. ಅಲ್ಲಿ ಎರಡೆರಡು ಪಿಕಪ್ ಜೊತೆಗೆ ಕೆಲಸ ಮಾಡುತ್ತವೆ. ಮಧ್ಯದ ಪಿಕಪ್ ಉಲ್ಟಾ ಸುತ್ತಿನದಾಗಿದ್ದರೆ ನಾಲ್ಕನೇ ಜಾಗದಲ್ಲಿ ಗುಂಯ್ ಇರುವುದಿಲ್ಲ, ಸದ್ದು ತೆಳ್ಳಗೆ ಗಾಜಿನ ಬಳೆ ಥರ ಬರುತ್ತದೆ. ನಿಮ್ಮ ಹಳೇ ಡ್ಯುಯೆಟ್‌ಗಳಿಗೆ ಅದೇ ಜಾಗ. ಅದಕ್ಕಾಗಿ ಜನ ಪಟ್ಟಿರುವ ಪಾಡು ಕೇಳಿ. 1954ರಲ್ಲಿ ಬಂದ ಸ್ಟ್ರಾಟ್‌ಗೆ ಮೂರೇ ಜಾಗದ ಸ್ವಿಚ್ ಇತ್ತು. ನುಡಿಸುವವರು ಅದನ್ನು ಎರಡು ಜಾಗದ ನಡುವೆ ಹುಷಾರಾಗಿ ನಿಲ್ಲಿಸಿ ಆ ಸದ್ದು ತೆಗೆಯುತ್ತಿದ್ದರು. ಫೆಂಡರ್‌ನವರು ಐದು ಜಾಗದ ಸ್ವಿಚ್ ಹಾಕಿ ಕಳಿಸಿದ್ದು 1977ರಲ್ಲಿ. ನಿಮಗೆ ಅದು ಪುಕ್ಕಟೆ ಬಂದಿದೆ, ನೀವು ನೋಡಿಲ್ಲ.

ಮಬ್ಬಿನ ವಿಷಯ ಆಮೇಲೆ ಬರೆಯುತ್ತೇನೆ. ಗಿರಾಕಿ ಬಂದರು.

ಗಾಂಧಿಬಜಾರ್_ಗಿಟಾರ್

ಲೆಸ್ ಪಾಲ್ ಪರ ಒಬ್ಬನಾದರೂ ಮಾತಾಡಬೇಕಲ್ವಾ?

ನನ್ನ ಹತ್ತಿರ ಲೆಸ್ ಪಾಲ್ ಮಾದರಿಯದೇ ಇದೆ, 12 ವರ್ಷದಿಂದ. ಎರಡು ಪಿಕಪ್, ಎರಡಕ್ಕೂ ಬೇರೆ ಬೇರೆ ವಾಲ್ಯೂಮ್, ಬೇರೆ ಬೇರೆ ಟೋನ್. ನೆಕ್ ಪಿಕಪ್ ವಾಲ್ಯೂಮ್ 5ಕ್ಕೆ, ಬ್ರಿಡ್ಜ್ 10ಕ್ಕೆ ಇಟ್ಟುಬಿಡುತ್ತೇನೆ. ಪಲ್ಲವಿಗೆ ಸ್ವಿಚ್ ಮೇಲೆ, ಸೋಲೋ ಬಂದಾಗ ಕೆಳಗೆ. ಒಂದೇ ಏಟಿಗೆ ಎರಡು ಗಿಟಾರ್. ಸ್ವಿಚ್ ಸುತ್ತ ಇರುವ ಪ್ಲಾಸ್ಟಿಕ್ ಬಿಲ್ಲೆ ಮೇಲೆ ರಿದಮ್, ಟ್ರೆಬಲ್ ಅಂತ ಬರೆದಿರುವುದೇ ಅದಕ್ಕೆ. ಎಚ್‌ಎಸ್‌ಎಸ್‌ನಲ್ಲಿ ಇರುವುದು ಒಂದೇ ವಾಲ್ಯೂಮ್. ಈ ಸುಖ ಅದರಲ್ಲಿ ಇಲ್ಲ.

ಆದರೆ ನಿಮ್ಮ ಕೆಲಸಕ್ಕೆ ಬೇಡ ಅಂತಲೇ ಹೇಳುತ್ತೇನೆ. ಒಂದು, ತೂಕ. ಹೆಚ್ಚು ಕಡಿಮೆ 4 ಕೆಜಿ ಹೊತ್ತು ಮೂರು ಗಂಟೆ ನಿಂತರೆ ಎಡ ಭುಜ ಮಾರನೇ ದಿನ ಮಾತಾಡುತ್ತದೆ. ಎರಡು, ಹೆಡ್‌ಸ್ಟಾಕ್. ತಲೆ ಹಿಂದಕ್ಕೆ ವಾಲಿರುತ್ತದೆ, ಕುತ್ತಿಗೆ ಹತ್ತಿರ ಮರ ತೆಳ್ಳಗೆ. ನನ್ನದು ಕುರ್ಚಿಗೆ ಒರಗಿಸಿಟ್ಟಾಗ ಜಾರಿ ಬಿತ್ತು, ಅಷ್ಟೇ. ಎತ್ತಿ ನೋಡಿದರೆ ತಲೆ ಬೇರೆ, ಮೈ ಬೇರೆ, ಮಧ್ಯೆ ಆರು ತಂತಿ ಮಾತ್ರ ಹಿಡಿದುಕೊಂಡಿದ್ದವು. ಅಂಟು ಹಾಕಿಸಿ ಈಗಲೂ ನುಡಿಸುತ್ತಿದ್ದೇನೆ. ಸ್ಟ್ರಾಟ್ ಆಗಿದ್ದರೆ ಎತ್ತಿ ಧೂಳು ಒರೆಸಿ ಶ್ರುತಿ ಮಾಡಿಕೊಳ್ಳುತ್ತಿದ್ದೆ.

ವ್ಯಾನಿನಲ್ಲಿ ಡೋಲು, ಸ್ಪೀಕರ್ ಜೊತೆ ಗಿಟಾರ್ ತುಂಬಿಕೊಂಡು ಓಡಾಡುವವರಿಗೆ ಲೆಸ್ ಪಾಲ್ ಕೊಡಿಸಲು ನನಗೆ ಧೈರ್ಯ ಇಲ್ಲ.

ಉಡುಪಿ_ಮಳೆ

ನಡುವೆ ಬಾಯಿ ಹಾಕುತ್ತೇನೆ. ಯಾವ ಗಿಟಾರ್ ಆದರೂ ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ತಂತಿ ಎರಡು ವಾರಕ್ಕೇ ತುಕ್ಕು ಮಾರಾಯ್ರೆ. ನುಡಿಸಿ ಆದಮೇಲೆ ಹಳೇ ಬನಿಯನ್ ಬಟ್ಟೆಯಲ್ಲಿ ಪ್ರತಿ ತಂತಿಯ ಅಡಿಯನ್ನೂ ಒರೆಸಿ. ಮೇಲೆ ಮಾತ್ರ ಒರೆಸಿದರೆ ಉಪಯೋಗ ಇಲ್ಲ, ಬೆವರು ಕೂರುವುದು ಅಡಿಯಲ್ಲಿ. ತಂತಿ ಕಿತ್ತು ಹೋಗುವುದು ಅರ್ಧಕ್ಕರ್ಧ ಕಮ್ಮಿಯಾಗುತ್ತದೆ.

ಕಲಬುರಗಿ_ಬಿಸಿಲು

ನಮ್ಮಲ್ಲಿ ಉಲ್ಟಾರೀ. ಮೇ ತಿಂಗಳಾಗ ಬೆರಳಿಡೋ ಮರದ ಪಟ್ಟಿ, ಫಿಂಗರ್‌ಬೋರ್ಡ್, ಒಣಗಿ ಸೊರಗತದ, ಅದರ ಮ್ಯಾಲಿನ ಲೋಹದ ಫ್ರೆಟ್ ಮಾತ್ರ ಇದ್ದಷ್ಟೇ ಇರತಾವ. ಅಂಚಿನಾಗ ತಂತಿ ಬೇಲಿ ಮುಟ್ಟಿದಂಗ ಕೈ ಗೀರತದ.

ಟೊರೊಂಟೊ_ಕನ್ನಡಿಗ

ಕಲಬುರಗಿ ಅವರೇ, ಇಲ್ಲಿ ಜನವರಿಯಲ್ಲಿ ಅದೇ ಕಥೆ. ಹೊರಗೆ ಹಿಮ, ಒಳಗೆ ಹೀಟರ್, ಗಾಳಿಯಲ್ಲಿ ಪಸೆ ಇಲ್ಲ. ಫಿಂಗರ್‌ಬೋರ್ಡ್‌ಗೆ ವರ್ಷಕ್ಕೆ ಒಂದೆರಡು ಸಲ ನಾಲ್ಕು ಹನಿ ಎಣ್ಣೆ ಸಾಕು. ಅದೂ ಮೇಪಲ್‌ಗೆ ಬೇಡ, ರೋಸ್‌ವುಡ್‌ಗೆ ಮಾತ್ರ.

ಅಂದ ಹಾಗೆ ರೋಸ್‌ವುಡ್ ಅಂದರೆ ನಮ್ಮ ಬೀಟೆ ಮರವೇ ಅನ್ನುವುದು ನನಗೆ ಇಲ್ಲಿಗೆ ಬಂದಮೇಲೆ ಗೊತ್ತಾಯಿತು. ಅಂಗಡಿಯವರು 'ಇಂಡಿಯನ್ ರೋಸ್‌ವುಡ್' ಅಂತ ಹೆಮ್ಮೆಯಿಂದ ತೋರಿಸಿದರು. ನಮ್ಮ ಅಜ್ಜನ ಮನೆ ಮಂಚ ಅದೇ ಮರದ್ದು. 2017ರಲ್ಲಿ ಈ ಜಾತಿಯ ಮರಗಳಿಗೆಲ್ಲ ಅಂತರರಾಷ್ಟ್ರೀಯ ನಿರ್ಬಂಧ ಬಂದಾಗ ಗಿಟಾರ್ ಕಂಪನಿಗಳು ಬೇರೆ ಮರ ಹುಡುಕಿದವು. 2019ರ ಕೊನೆಯಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಎಸ್‌ಪಿ_ರೋಡ್_ಸಾಲ್ಡರ್

ವಾಪಸ್ ಬಂದೆ. ಬೀಟೆ ಮಂಚದ ಮೇಲೆ ಮಲಗಿದವರು ಭಾಗ್ಯವಂತರು.

ಮಬ್ಬು. ಹಂಬಕರ್‌ನಲ್ಲಿ ವಾಲ್ಯೂಮ್ 6ಕ್ಕೆ ಇಳಿಸಿದರೆ ಸದ್ದಿನ ಜೊತೆ ಮಿಂಚೂ ಹೋಗುತ್ತದೆ. ಅದಕ್ಕೆ ಅರ್ಧ ಕಾರಣ ನಿಮ್ಮ 10 ಮೀಟರ್ ಕೇಬಲ್. ಕೇಬಲ್ ಅಂದರೆ ಒಂದು ಉದ್ದನೆಯ ಕೆಪ್ಯಾಸಿಟರ್. ಉದ್ದ ಆದಷ್ಟೂ ಮೇಲಿನ ಸದ್ದನ್ನು ನುಂಗುತ್ತದೆ. ಸ್ಟೇಜ್ ಅಗಲ ಎಷ್ಟು? 20 ಅಡಿ ಇರಬಹುದು. 5 ಮೀಟರ್ ಸಾಕು, ಉಳಿದದ್ದು ಸುಮ್ನೆ ಕಾಲಿಗೆ ಸುತ್ತಿಕೊಳ್ಳುವುದಕ್ಕೆ.

ಉಳಿದರ್ಧಕ್ಕೆ ಟ್ರೆಬಲ್ ಬ್ಲೀಡ್, ಅಂದರೆ ವಾಲ್ಯೂಮ್ ಇಳಿಸಿದರೂ ಮೇಲಿನ ಸದ್ದು ಉಳಿಸುವ ಜೋಡಣೆ. 0.001 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಒಂದು, 150 ಕಿಲೋ ಓಮ್ ರೆಸಿಸ್ಟರ್ ಒಂದು. ಎರಡನ್ನೂ ಅಕ್ಕಪಕ್ಕ ಸೇರಿಸಿ, ವಾಲ್ಯೂಮ್ ಪಾಟ್‌ನ (ನಾಬ್ ಕೆಳಗಿನ ಭಾಗ) ಒಳ ಬರುವ ಕಾಲಿಗೂ ಮಧ್ಯದ ಕಾಲಿಗೂ ಬೆಸುಗೆ ಹಾಕಿ. ಎಸ್‌ಪಿ ರೋಡಿನಲ್ಲಿ ಎರಡಕ್ಕೂ ಸೇರಿ ಒಂದು ಬೈಟು ಕಾಫಿ ಕಾಸು. ಆಮೇಲೆ ವಾಲ್ಯೂಮ್ ಇಳಿಸಿದರೆ ಸದ್ದು ಮಾತ್ರ ಇಳಿಯುತ್ತದೆ, ಕಣ್ಣು ಮಂಜಾಗುವುದಿಲ್ಲ.

ಇದು ಯಾಕೆ ಮುಖ್ಯ ಅಂದರೆ, ಆಮೇಲೆ ನೀವು ನಾಬ್ ಎಳೆಯುವ ಕೆಲಸವೇ ಬೀಳುವುದಿಲ್ಲ. ಆಂಪ್‌ನಲ್ಲಿ ಒರಟು ಸದ್ದು ಇಟ್ಟು, ಹಂಬಕರ್‌ನಲ್ಲಿ ವಾಲ್ಯೂಮ್ 10 ಇದ್ದರೆ ಗರ್ಜನೆ, 6ರಲ್ಲಿ ಗರಗರ, 3ರಲ್ಲಿ ತಿಳಿ. ಕಿರುಬೆರಳೊಂದೇ ಸಾಕು. ಜೆಫ್ ಬೆಕ್ ನುಡಿಸುವುದನ್ನು ನೋಡಿದವರಿಗೆ ಗೊತ್ತು, ಅವರ ಕಿರುಬೆರಳು ವಾಲ್ಯೂಮ್ ನಾಬ್ ಬಿಟ್ಟು ದೂರ ಹೋಗುತ್ತಲೇ ಇರಲಿಲ್ಲ. ಸ್ಟ್ರಾಟ್ ಥರದ ಮೈಗೆ ಹಂಬಕರ್ ಕೂರಿಸಿ ಹೆಸರು ಮಾಡಿದ ಎಡ್ಡಿ ವ್ಯಾನ್ ಹೇಲನ್ ಗಿಟಾರ್‌ನಲ್ಲಿ ಕೆಲಸ ಮಾಡುತ್ತಿದ್ದದ್ದು ಒಂದೇ ಪಿಕಪ್, ಒಂದೇ ನಾಬ್. ನಿಮ್ಮ ಎಚ್‌ಎಸ್‌ಎಸ್‌ನ ಮೂಲಪುರುಷನಿಗೆ ಉಳಿದ ಸ್ವಿಚ್ಚು ಗಿಚ್ಚು ಯಾವುದೂ ಬೇಕಿರಲಿಲ್ಲ.

ಪಿಕಪ್ ಎತ್ತರ: ಹಂಬಕರ್ ಪಕ್ಕದ ಎರಡು ಸ್ಕ್ರೂ ಸಡಿಲಿಸಿ ಅರ್ಧರ್ಧ ಸುತ್ತು ಕೆಳಗಿಳಿಸಿ. ಪ್ರತಿ ಸಲ ನೆಕ್ ಪಿಕಪ್ ಜೊತೆ ಹೋಲಿಸಿ ಕೇಳಿ. ಎರಡೂ ಸಮ ಅನ್ನಿಸಿದಾಗ ನಿಲ್ಲಿಸಿ. ಇದಕ್ಕೆ ಬೆಸುಗೆಯೂ ಬೇಡ, ದುಡ್ಡೂ ಬೇಡ.

ಸ್ಪ್ರಿಂಗ್: ನಿಮ್ಮ ಬ್ರಿಡ್ಜ್ ತೇಲುತ್ತಿದೆ. ಒಂದು ಕಡೆ ಆರು ತಂತಿ ಎಳೆಯುತ್ತವೆ, ಇನ್ನೊಂದು ಕಡೆ ಮೂರು ಸ್ಪ್ರಿಂಗ್. ಹಗ್ಗಜಗ್ಗಾಟ. ಒಂದು ತಂತಿ ಕಿತ್ತರೆ ಸ್ಪ್ರಿಂಗ್ ಗೆಲ್ಲುತ್ತದೆ, ಉಳಿದ ಐದೂ ಶ್ರುತಿ ಏರುತ್ತವೆ. ಹಿಂದೆ ಒಂದು ಮರದ ತುಂಡು ತುರುಕಿ ಬ್ರಿಡ್ಜ್ ಅಲ್ಲಾಡದ ಹಾಗೆ ಮಾಡಿಬಿಡಿ. ಎರಿಕ್ ಕ್ಲಾಪ್ಟನ್ ಸ್ಟ್ರಾಟ್‌ಗಳಲ್ಲೂ ಬ್ರಿಡ್ಜ್ ಹಾಗೇ ಕಟ್ಟಿಹಾಕಿರುತ್ತಾರೆ.

ವೀಣೆ_ಮನೆ_ಹುಡುಗಿ

ಅಣ್ಣ, ಮರದ ತುಂಡು ಬೇಡ! ಅಲ್ಲೊಂದು ಜಗಳ ಇದೆ ನನ್ನದು.

ನಮ್ಮಮ್ಮ ಮೈಸೂರಿನಲ್ಲಿ ವೀಣೆ ಪಾಠ ಹೇಳುತ್ತಾರೆ. ನಾನು ಮನೆಗೆ ಎಲೆಕ್ಟ್ರಿಕ್ ಗಿಟಾರ್ ತಂದವಳು. ತಿಪಟೂರು ಅಣ್ಣ ನುಡಿಸುವ ಹಾಡುಗಳಲ್ಲಿ ಬಿಜಿಎಂ ಪೂರ್ತಿ ಗಿಟಾರೇ ಇರುವುದಿಲ್ಲ ಅಲ್ವಾ? ರೆಕಾರ್ಡ್‌ನಲ್ಲಿ ಸಿತಾರ್ ಇರುತ್ತದೆ, ವೀಣೆ ಇರುತ್ತದೆ, ಮ್ಯಾಂಡೊಲಿನ್ ಇರುತ್ತದೆ. ಸ್ಟೇಜ್ ಮೇಲೆ ಅದೆಲ್ಲಾ ಗಿಟಾರಿಸ್ಟ್ ತಲೆಗೆ ಬರುತ್ತದೆ.

ವೀಣೆಯಲ್ಲಿ ಮೆಟ್ಟಿಲುಗಳು ಮೇಣದ ಮೇಲೆ ಎತ್ತರಕ್ಕೆ ಕೂತಿರುತ್ತವೆ. ಅದಕ್ಕೇ ಒಂದೇ ಮೆಟ್ಟಿಲಿನ ಮೇಲೆ ತಂತಿ ಎಳೆದು ಮೂರು ನಾಲ್ಕು ಸ್ವರ ತೆಗೆಯಬಹುದು. ಗಿಟಾರ್‌ನಲ್ಲಿ ಬೆರಳಿಗೆ ಮರ ಸಿಕ್ಕಿಬಿಡುತ್ತದೆ. 10ರ ಸೆಟ್ ತಂತಿ ಇದ್ದರೆ ಒಂದು ಪೂರ್ತಿ ಸ್ವರ ಎಳೆಯುವಷ್ಟರಲ್ಲೇ ಬೆರಳು ಕೇಳುವುದಿಲ್ಲ. ಅದಕ್ಕಿಂತ ತೆಳ್ಳಗಿನ 9ರ ಸೆಟ್ ಹಾಕಿದರೆ ಒಂದೂವರೆ ತನಕ ಹೋಗುತ್ತದೆ. ಸ್ಟ್ರಾಟ್‌ನ ಸ್ಕೇಲ್ ಉದ್ದ (ತಂತಿ ಮಿಡಿಯುವ ಭಾಗದ ಉದ್ದ) 25.5 ಇಂಚು, ಲೆಸ್ ಪಾಲ್‌ದು 24.75. ಅಷ್ಟರಲ್ಲೇ ಲೆಸ್ ಪಾಲ್ ತಂತಿ ಮೆತ್ತಗಿರುತ್ತದೆ, ಅದೊಂದು ವಿಷಯದಲ್ಲಿ ಕೀಬೋರ್ಡ್ ಅಣ್ಣ ಹೇಳಿದ್ದು ಸರಿ.

ಆದರೆ ತೇಲುವ ಬ್ರಿಡ್ಜ್ ಇದ್ದರೆ ಅಂಗೈಯನ್ನು ಅದರ ಮೇಲೆ ಇಟ್ಟು ಮೆತ್ತಗೆ ಒತ್ತಿದರೂ ಸ್ವರ ನಡುಗಿಸುವ ಕಂಪಿತ ಬರುತ್ತದೆ. ಕೈ ಬಿಟ್ಟರೆ ಸ್ವರ ತಾನೇ ತನ್ನ ಮನೆಗೆ ಬರುತ್ತದೆ. ನೆಕ್ ಪಿಕಪ್, ಟೋನ್ 4, ಪಿಕ್ ಬೇಡ, ಹೆಬ್ಬೆರಳಿನ ಪಕ್ಕದಿಂದ ಮೀಟಿ. ಅಮ್ಮ ಅಡುಗೆಮನೆಯಿಂದ "ಗಾಂಧಾರ ಇನ್ನೂ ಸ್ವಲ್ಪ ಕೆಳಗೆ" ಅಂತ ತಿದ್ದಿದರು. ವಾದ್ಯ ಯಾವುದು ಅಂತ ಕೇಳಲಿಲ್ಲ. ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲಿ ಪೂರ್ತಿ ಕಛೇರಿ ಮಾಡಿದ ಮೇಲೆ ಆ ಪ್ರಶ್ನೆಯೇ ಇಲ್ಲ ಬಿಡಿ.

ಎಸ್‌ಪಿ_ರೋಡ್_ಸಾಲ್ಡರ್

ಸೋತೆ ತಾಯಿ. ನಡುವಿನ ದಾರಿ ಹೇಳುತ್ತೇನೆ. ಸ್ಪ್ರಿಂಗ್ ಐದು ಹಾಕಿ, ಹಿಂದಿನ ಎರಡು ದೊಡ್ಡ ಸ್ಕ್ರೂ ಬಿಗಿ ಮಾಡಿ ಬ್ರಿಡ್ಜ್ ಮೈಗೆ ಅಂಟಿ ಕೂರುವ ಹಾಗೆ ಮಾಡಲಿ. ಕೈಯಲ್ಲಿ ಒತ್ತಿ ಸ್ವರ ಇಳಿಸಬಹುದು, ಏರಿಸುವುದಕ್ಕೆ ಆಗುವುದಿಲ್ಲ. ತಂತಿ ಕಿತ್ತರೂ ಉಳಿದ ಐದು ಇದ್ದಲ್ಲೇ ಇರುತ್ತವೆ. ಕಂಪಿತಕ್ಕೆ ಮೊದಲಿಗಿಂತ ಕೈ ಜೋರು ಬೇಕು, ಅಷ್ಟೇ.

ವೀಣೆ_ಮನೆ_ಹುಡುಗಿ

ಇದು ಒಪ್ಪಿದೆ. ಏರಿಸುವುದಕ್ಕೆ ಎಡಗೈ ಇದೆಯಲ್ಲ.

ತಿಪಟೂರು_ತಂತಿ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಭಾನುವಾರ ಬಿಚ್ಚುತ್ತೇನೆ. ಇನ್ನೊಂದು ಸಣ್ಣ ವಿಷಯ ಕೇಳಬೇಕಿತ್ತು. ಗಿಟಾರ್ ಹಾಕಿಕೊಂಡು ಕೋರಸ್ ಹಾಡೋಕೆ ಹೋದಾಗ ತುಟಿಗೆ ಮೈಕ್ ತಾಗಿದರೆ ಚುರ್ ಅನ್ನುತ್ತದೆ. ಮೈಕ್‌ಗೆ ಸ್ಪಂಜ್ ಹಾಕಿದರೆ ಸರಿಹೋಗುತ್ತೆ ಅಂತಾರೆ ನಮ್ಮವರು. ಹೌದಾ?

ಎಸ್‌ಪಿ_ರೋಡ್_ಸಾಲ್ಡರ್

ಸಣ್ಣ ವಿಷಯ ಅಂತೀರಲ್ಲಾ! ಇಷ್ಟು ಹೊತ್ತು ಬರೆದದ್ದೆಲ್ಲ ಪಕ್ಕಕ್ಕಿಡಿ, ಇದು ಮೊದಲು.

ಗಿಟಾರ್ ತಂತಿಗಳು ಬ್ರಿಡ್ಜ್ ಮೂಲಕ ಆಂಪ್‌ನ ಅರ್ಥ್‌ಗೆ ಸೇರಿರುತ್ತವೆ. ಮೈಕ್‌ನ ಕಬ್ಬಿಣ ಮಿಕ್ಸರ್‌ನ ಅರ್ಥ್‌ಗೆ. ಎರಡರಲ್ಲಿ ಒಂದಕ್ಕೆ ಅರ್ಥ್ ಇಲ್ಲದೇ ಹೋದರೆ ನಡುವೆ ಸೇತುವೆ ಆಗುವುದು ನೀವು. ಕೈಯಿಂದ ತುಟಿಗೆ, ಎದೆ ದಾಟಿಕೊಂಡು. 1972ರಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವೆ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೇಜ್ ಮೇಲೇ ಸತ್ತರು. ಅರ್ಥ್ ಇಲ್ಲದ ಮೈಕ್ ಮುಟ್ಟಿದ್ದಕ್ಕೆ.

ಸ್ಪಂಜ್ ಹಾಕಿದರೆ ಚುರ್ ಅನ್ನುವುದು ಗೊತ್ತಾಗುವುದಿಲ್ಲ, ಅಷ್ಟೇ. ಕರೆಂಟ್ ಅಲ್ಲೇ ಇರುತ್ತದೆ. ಬೆವರಿಗೆ ಸ್ಪಂಜ್ ನೆಂದರೆ ಅದೂ ಕಾಯುವುದಿಲ್ಲ.

ಹೀಗೆ ಮಾಡಿ. ಆಂಪ್ ಮತ್ತು ಮಿಕ್ಸರ್ ಎರಡೂ ಒಂದೇ ಬೋರ್ಡಿನಿಂದ, ಮೂರು ಪಿನ್ನಿನ ಪ್ಲಗ್‌ನಲ್ಲಿ. ಗುಂಯ್ ಕಮ್ಮಿಯಾಗುತ್ತದೆ ಅಂತ ಯಾರಾದರೂ ಅರ್ಥ್ ಪಿನ್ ಕತ್ತರಿಸಿದ್ದರೆ ಆ ಪ್ಲಗ್ ಎಸೆಯಿರಿ. ಜನರೇಟರ್ ಇದ್ದರೆ ನೆಲದಲ್ಲಿ ಅರ್ಥ್ ರಾಡ್ ಹೂತಿದ್ದಾರಾ ಅಂತ ಕಣ್ಣಾರೆ ನೋಡಿ. ಸೌಂಡ್ ಚೆಕ್‌ಗೆ ಮೊದಲು ಮಲ್ಟಿಮೀಟರ್ ಎಸಿ ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿ ಗಿಟಾರ್ ತಂತಿಗೆ, ಇನ್ನೊಂದು ಮೈಕ್ ತಲೆಗೆ ಹಿಡಿಯಿರಿ. ಸೊನ್ನೆ ಹತ್ತಿರ ಇರಬೇಕು. ಜಾಸ್ತಿ ತೋರಿಸಿದರೆ ಲೈನ್ ಸರಿಮಾಡುವ ತನಕ ಹಾಡಬೇಡಿ, ನುಡಿಸಬೇಡಿ. ಸಂಘದವರು ಎಷ್ಟೇ ಅವಸರ ಮಾಡಿದರೂ.

ಗಾಂಧಿಬಜಾರ್_ಗಿಟಾರ್

ನೂರಕ್ಕೆ ನೂರು. ನಮ್ಮ ಮನೆಯಲ್ಲೇ ಹಳೇ ವೈರಿಂಗ್. ತಂತಿ ಮುಟ್ಟಿದರೆ ಗುಂಯ್ ಕಮ್ಮಿ, ಬಿಟ್ಟರೆ ಜಾಸ್ತಿ. ಗಿಟಾರ್ ಕೆಟ್ಟಿದೆ ಅಂತ ಎರಡು ವರ್ಷ ಅಂದುಕೊಂಡಿದ್ದೆ. ಎಲೆಕ್ಟ್ರಿಷಿಯನ್ ಬಂದು ನೋಡಿದರೆ ಸಾಕೆಟ್‌ನ ಮೂರನೇ ತೂತಿಗೆ ವೈರೇ ಇರಲಿಲ್ಲ. ಅಲಂಕಾರಕ್ಕೆ ಇತ್ತು.

ತಿಪಟೂರು_ತಂತಿ

ಹತ್ತು ದಿನ ಆಯಿತು, ವರದಿ ಒಪ್ಪಿಸುತ್ತೇನೆ.

ಮೈಕ್ ಮೊದಲು. ಮೀಟರ್‌ನಲ್ಲಿ 87 ವೋಲ್ಟ್ ತೋರಿಸಿತು. ಸೌಂಡ್‌ನವರ ಎಕ್ಸ್‌ಟೆನ್ಷನ್ ಬಾಕ್ಸ್‌ನಲ್ಲಿ ಅರ್ಥ್ ವೈರ್ ಕಿತ್ತು ಹೋಗಿತ್ತು. ಅವರೇ ಗಾಬರಿಯಾಗಿ ಅಲ್ಲೇ ಕೂತು ಹೊಸ ಬಾಕ್ಸ್ ಕಟ್ಟಿದರು.

ಐದು ಸ್ಪ್ರಿಂಗ್ ಹಾಕಿದೆ. ಟ್ರೆಬಲ್ ಬ್ಲೀಡ್ ನಾನೇ ಬೆಸುಗೆ ಹಾಕಿದೆ. ಮೊದಲನೇ ಸಲ ತಪ್ಪು ಕಾಲಿಗೆ ಹಾಕಿ, ಹೆಬ್ಬೆರಳು ಸುಟ್ಟುಕೊಂಡು, ಎರಡನೇ ಸಲ ಸರಿಯಾಯಿತು. ಕೇಬಲ್ 5 ಮೀಟರ್. ನಿನ್ನೆ ಪ್ರೋಗ್ರಾಂನಲ್ಲಿ ನಾಬ್ ಎಳೆಯಲೇ ಇಲ್ಲ. ನಾಲ್ಕನೇ ಜಾಗದಲ್ಲಿ ಡ್ಯುಯೆಟ್ ಶುರು ಮಾಡಿದಾಗ ಹಾಡುವ ಅಕ್ಕ ತಿರುಗಿ ನೋಡಿದರು. ಸೀರಿಯಲ್ ಸೆಟ್ ಪಕ್ಕವೇ ಇದ್ದೆ, ಗುಂಯ್ ಇಲ್ಲ. ನೆಕ್ ಪಿಕಪ್‌ಗೆ ಹೋದಾಗ ಸ್ವಲ್ಪ ಬಂತು. ಮೈ ತಿರುಗಿಸಿ ಪಕ್ಕಕ್ಕೆ ನಿಂತರೆ ಕಮ್ಮಿಯಾಗುತ್ತದೆ ಅನ್ನುವುದನ್ನು ನಾನೇ ಕಂಡುಹಿಡಿದೆ.

ಒಂದೇ ತೊಂದರೆ. ಜೋರಾಗಿ ರಿದಮ್ ಹೊಡೆಯುವಾಗ ಪಿಕ್ ಮಧ್ಯದ ಪಿಕಪ್‌ಗೆ ಟಕ್ ಟಕ್ ತಾಗುತ್ತದೆ.

ಎಸ್‌ಪಿ_ರೋಡ್_ಸಾಲ್ಡರ್

ಅದರ ಪಕ್ಕದ ಸ್ಕ್ರೂ ಎರಡು ಸುತ್ತು ಇಳಿಸಿ. ಇನ್ನೂ ತಾಗಿದರೆ ಮೂರು.

ಟೆಲಿ_ಒಂದೇ_ಸಾಕು

ಟೆಲಿಗೆ ಮಧ್ಯದ ಪಿಕಪ್ಪೇ ಇಲ್ಲ.